ಹಕ್ಕಿ ತಿಂದ ತೆನೆ

ಹಕ್ಕಿ ತಿನ್ನದ ತೆನೆಯ ಕಾಳು ಬಿತ್ತಿದರೆ ಮೊಳೆಯುವುದಿಲ್ಲವೆಂಬುದು ಈಗ ಮಕ್ಕಳಿಗೂ ಗೊತ್ತು. ಹಕ್ಕಿಗಳು ಅಪರೂಪವಾದ ಮೇಲೆ ಎಲ್ಲರೂ ಹೊಲದ ಅಟ್ಟಣೆ ಹತ್ತಿ, ಸದ್ದಿಲ್ಲದೆ ಅವುಗಳ ದಾರಿ ಕಾಯುತ್ತಿದ್ದರು.

ಶಾವಂತ್ರೆವ್ವನ ಹೊಲದಲ್ಲಿ ಎರಡು ಅಟ್ಟಣೆಗಳಿದ್ದವು. ಹಿಂದೆ ಗಂಡ ಆ ಮೂಲೆಯಿಂದ, ಇವಳು ಈ ಮೂಲೆಯಿಂದ ಕೂಗು ಹಾಕಿ ಹಕ್ಕಿ ಓಡಿಸುತ್ತಿದ್ದರು. ಈಗ ಅವನು ತೀರಿಕೊಂಡು ಅವನ ಅಟ್ಟಣೆ ಬರಿದಾಗಿತ್ತು. ಅವನು ಉಳಿಸಿಕೊಂಡು ಬಂದಿದ್ದ ಬಿಳಿಜೋಳದ ತಳಿ ಮಾತ್ರ ಇತ್ತು. ಈ ಸುಗ್ಗಿಯಲ್ಲಿ ಒಂದಾದರೂ ತೆನೆಗೆ ಹಕ್ಕಿ ಬಾಯಿ ಹಾಕದಿದ್ದರೆ ಅದೂ ಮುಗಿಯಿತು.

ಆ ಬೆಳಿಗ್ಗೆ ಒಂದು ಗುಬ್ಬಿ ಬಂದು ತೆನೆಯ ಮೇಲೆ ಕೂತಿತು.

“ಹೋ... ಹೋಹೋ!” ಶಾವಂತ್ರೆವ್ವ ಕೈ ಬೀಸಿ ಕೂಗಿಯೇಬಿಟ್ಟಳು. ಗುಬ್ಬಿ ಹಾರಿಹೋಯಿತು.

ಬದುವಿನಾಚೆಯ ಹೊಲದ ಹುಸೇನಸಾಬ ತಲೆ ಚಚ್ಚಿಕೊಂಡ. “ಏನ್ ಮಾಡಿದಿ ಯಕ್ಕಾ! ಬಂದದ್ದ ಒಂದು, ಅದನ್ನೂ ಓಡಿಸಿದೆಲ್ಲಾ!”

“ನಾ ಕೂಗಲಿಲ್ಲೋ ತಮ್ಮಾ, ಬಾಯಿ ತಾನ ಕೂಗ್ತು. ಮದಿವಿ ಆಗಿ ಬಂದಾಗಿಂದ ಅದಕ್ಕ ಇದ ಕೆಲಸ.”

“ಹಂಗಾರ ನಾಳಿ ಬಾಯಾಗ ಅರಿವಿ ತುರುಕ್ಕೊಂಡು ಕುಂದರು!”

ಅವನು ನಗೆಯಾಡಿದ್ದನ್ನು ಅವಳು ಮರುದಿನ ಮಾಡಿಯೇಬಿಟ್ಟಳು. ಸೆರಗು ಕಚ್ಚಿ, ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಳು. ಬಿಸಿಲೇರುವ ಹೊತ್ತಿಗೆ ಗುಬ್ಬಿ ಮತ್ತೆ ಬಂತು. ಗಂಡನ ಅಟ್ಟಣೆಯ ಪಕ್ಕದ ತೆನೆಯೊಂದನ್ನು ಹಿಡಿದು, ಅವಸರವಿಲ್ಲದೆ ಹೊಟ್ಟೆ ತುಂಬ ತಿಂದು ಹಾರಿತು.

ಅದು ಕಣ್ಮರೆಯಾದ ಮೇಲೆ ಶಾವಂತ್ರೆವ್ವ ಬಾಯಿಂದ ಸೆರಗು ತೆಗೆದು, ಆ ಮೂಲೆಗೆ ಕೇಳುವಂತೆ ಒಮ್ಮೆ ಉದ್ದಕ್ಕೆ ಕೂಗಿದಳು. ಮರುಕೂಗಿಗೆ ರೂಢಿಯಂತೆ ಸ್ವಲ್ಪ ಕಾದಳು. ಆಮೇಲೆ ಕುಡುಗೋಲು ತೆಗೆದುಕೊಂಡು ಕೆಳಗಿಳಿದಳು.