೯,೬೪,೫೬,೨೮೧

“ಆಟೋ ಬಂದು ನಿಂತಿದೆ. ಏಳ್ತೀರೋ ಇಲ್ವೋ?” ಪಾಪಮ್ಮ ಮೂರನೆಯ ಸಲ ಕೇಳಿದರು.

“ಇನ್ನು ಹನ್ನೆರಡು ದಿನ ಕಣೇ. ಮುಗಿಸ್ಕೊಂಡು ಬರ್ತೀನಿ,” ಎಂದರು ವೆಂಕಟರಮಣಪ್ಪ. ಮೂಗು ಹಾಳೆಗೆ ತಾಗುವಷ್ಟು ಬಗ್ಗಿದ್ದರು.

“ಇವತ್ತೇ ಆಪರೇಷನ್ ಆಗ್ಬೇಕು, ತಡ ಆದ್ರೆ ಕಣ್ಣಿನ ನರಾನೇ ಹೋಗುತ್ತೆ ಅಂದಿದಾರೆ ಡಾಕ್ಟ್ರು. ಆಮೇಲೆ ಆ ನಂಬರ್ನ ಕೈಯಲ್ಲಿ ತಡವ್ತಾ ಕೂತಿರಿ.”

ನಿವೃತ್ತಿಯ ದಿನ ಕಾರ್ಖಾನೆಯಲ್ಲಿ ವೆಂಕಟರಮಣಪ್ಪ ತಪಾಸಣೆ ಮಾಡಿದ ಕೊನೆಯ ಯಂತ್ರದ ಮೇಲಿದ್ದ ಸಂಖ್ಯೆ ಅದು. ಅವಿಭಾಜ್ಯ ಸಂಖ್ಯೆ, ಯಾವುದರಿಂದಲೂ ಒಡೆಯುವುದಿಲ್ಲ ಎಂದು ಅವರ ಹಟ. ಎಪ್ಪತ್ತೆರಡರ ಜನವರಿಯಿಂದ ದಿನಕ್ಕೊಂದು ಭಾಗಾಕಾರ; ನೋಡಬೇಕಾದ ಭಾಜಕಗಳಲ್ಲಿ ಇನ್ನು ಹನ್ನೆರಡೇ ಉಳಿದಿದ್ದವು. ವರ್ಷದ ಮೊದಲ ದಿನವೇ ಕ್ಯಾಲೆಂಡರಿನ ಅಷ್ಟೂ ಹಾಳೆಗಳ ಹಿಂದೆ ಒಂದೊಂದು ಭಾಜಕ ಬರೆದಿಡುತ್ತಿದ್ದರು. ಆಯಾ ದಿನ ಹಾಳೆ ಹರಿದು ಭಾಗಿಸಿ, ಶೇಷ ಉಳಿದರೆ ಸಮಾಧಾನದಿಂದ ತಿಂಗಳ ಕಟ್ಟಿಗೆ ಸೇರಿಸುತ್ತಿದ್ದರು.

ಆ ಕಟ್ಟುಗಳನ್ನು ಬಿಚ್ಚಿಕೊಂಡು ಸೊಸೆ ಪುಟ್ಟಗೌರಿ ಬೆಳಿಗ್ಗೆಯಿಂದ ನೆಲದ ಮೇಲೆ ಕೂತಿದ್ದಳು. ಕೂರಿಸಿದವರು ಪಾಪಮ್ಮನೇ. “ಎಲ್ಲಾದ್ರೂ ಒಂದು ತಪ್ಪು ಹುಡುಕೇ. ಲೆಕ್ಕದಲ್ಲಿ ಎಂ.ಎಸ್ಸಿ. ಮಾಡಿದೀಯಲ್ಲ, ಇದಕ್ಕಾದ್ರೂ ಬರಲಿ.”

ಎಪ್ಪತ್ತಮೂರರ ಮೇ ತಿಂಗಳ ಕಟ್ಟಿನಲ್ಲಿ ಹನ್ನೊಂದು ಹಾಳೆಗಳ ಮೇಲೆ ಭಾಜಕವಿತ್ತು, ಲೆಕ್ಕವಿರಲಿಲ್ಲ. ಅವಳ ಗಂಡ, ಆ ಮನೆಯ ಒಬ್ಬನೇ ಮಗ ಚನ್ನಕೇಶವ ತೀರಿಕೊಂಡ ಸೂತಕದ ದಿನಗಳು. ಅವಳು ಪೆನ್ಸಿಲ್ ಎತ್ತಿಕೊಂಡಳು. ಮೊದಲ ಮೂರರಲ್ಲಿ ಶೇಷ ಉಳಿಯಿತು. ನಾಲ್ಕನೆಯದು ೩೫೭೧. ಸೊನ್ನೆ ಬಂತು. ಇನ್ನೊಂದು ಸಲ ಮಾಡಿದಳು. ಸೊನ್ನೆಯೇ.

“ಮಾವ, ಇದು ಅವಿಭಾಜ್ಯ ಅಲ್ಲ. ೩೫೭೧ರಿಂದ ಹೋಗುತ್ತೆ.”

“ಅದು ಯಾವತ್ತೋ ಮಾಡಿ ಆಗಿದೆ.”

“ಮಾಡಿಲ್ಲ ನೀವು.”

ಹಾಳೆ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದರು. ತಿರುಗಿಸಿ ತಾರೀಖು ನೋಡಿದರು. ಹೊರಗೆ ಮಾಗಡಿ ರಸ್ತೆಯಿಂದ ಕರೆತಂದಿದ್ದ ಆಟೋದವನು ಹಾರ್ನ್ ಒತ್ತಿದ.

“ಸೂತಕ ಕಳೆದ್ಮೇಲೆ ಮಾಡೋಣ ಅಂತಿದ್ದೆ,” ಎಂದರು. “ಆ ಹನ್ನೊಂದು ಮುಟ್ಟೋಕಾಗ್ಲಿಲ್ಲ.”

ಹಾಳೆಯನ್ನು ಮತ್ತೆ ತಿರುಗಿಸಿ ೩೫೭೧ರ ಮೇಲೆ ಬೆರಳಿಟ್ಟರು.

“ಹಾಗಾದ್ರೆ ಅವತ್ತೇ ಒಡೆದುಹೋಗಿತ್ತು.”

“ಹೌದು, ಮಾವ.”

ಪೆನ್ನಿಗೆ ಮುಚ್ಚಳ ಹಾಕಿದರು. ಗೋಡೆ ಹಿಡಿದು ಎದ್ದು, ಯಾರ ಕೈಯನ್ನೂ ಕೇಳದೆ ಮೆಟ್ಟಿಲಿಳಿದು ಆಟೋದಲ್ಲಿ ಕೂತರು. ಕೂತವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದರು.

ಚೀಲ ಹಿಡಿದು ಹಿಂದೆಯೇ ಹೊರಟ ಪಾಪಮ್ಮ ಗೇಟಿನವರೆಗೆ ಹೋಗಿ, ಅವರನ್ನು ಒಮ್ಮೆ ನೋಡಿ, ಸರಸರನೆ ವಾಪಸ್ಸು ಬಂದರು. ಸೊಸೆಯ ಹತ್ತಿರ ಬಗ್ಗಿ ದನಿ ತಗ್ಗಿಸಿದರು.

“ನಾವು ಬರೋದ್ರೊಳಗೆ ಇನ್ನೊಂದು ನಂಬರ್ ಹುಡುಕಿಡೇ. ಬೇಗ ಒಡೀದೇ ಇರೋದು.”