ಕೆಲ್ಲಿ ಕಲಿತ ಪದ

ಯಾರ ಜಾಕೆಟ್ಟಿನಿಂದಾದರೂ ಕಟ್ಟಿಗೆ ಹೊಗೆಯ ವಾಸನೆ ಬಂದರೆ ನನಗೆ ಇಂದಿಗೂ ಹೇವರ್ಡ್ ಊರಿನ ನಮ್ಮ ಮನೆಯ ಗ್ಯಾರೇಜು ನೆನಪಾಗುತ್ತದೆ.

ಅಪ್ಪ ಆಫೀಸಿನ ಗೆಳೆಯರೊಂದಿಗೆ ಬೇಟೆಯ ಕ್ಲಬ್ಬು ಸೇರಿದ್ದರು. ಮಾಂಸ ಮುಟ್ಟುತ್ತಿರಲಿಲ್ಲ, ಬಂದೂಕು ಹಿಡಿಯುತ್ತಿರಲಿಲ್ಲ. ಆದರೂ ಜಿಂಕೆಯ ಸೀಸನ್ನು ಬಂತೆಂದರೆ ಅವರ ಜೊತೆ ಬೆಟ್ಟಕ್ಕೆ ಹೊರಟುಬಿಡುತ್ತಿದ್ದರು. ನನ್ನನ್ನು ಒಮ್ಮೆಯೂ ಕರೆದೊಯ್ದಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ಅಪ್ಪ ತಮ್ಮ ಗೆಳೆಯ ಡಾನ್ ಮತ್ತು ಅವನ ಮಗಳು ಕೆಲ್ಲಿಯ ಜೊತೆ ಬೆಟ್ಟದಿಂದ ಮರಳಿದರು. ಕೆಲ್ಲಿಗೆ ನನ್ನದೇ ವಯಸ್ಸು. ಅವಳ ಮೊಣಕಾಲಿಗೆ ಒಣಹುಲ್ಲು ಅಂಟಿತ್ತು. ಕೊರಳಲ್ಲಿ ನನ್ನ ಅಪ್ಪನ ಉಣ್ಣೆಯ ಮಫ್ಲರು ಇತ್ತು.

"ಕಲ್ಲಿನಂಗ ಕುಂತಿದ್ಲು ನೋಡು ಹುಡುಗಿ. ಒಮ್ಮೆರೆ ಕೆಮ್ಮಲಿಲ್ಲ," ಎಂದು ಅಪ್ಪ ಅಮ್ಮನಿಗೆ ಹೇಳಿದರು. ನನ್ನ ಬಗ್ಗೆ ಅವರು ಯಾರಿಗೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಕೆಲ್ಲಿ ನನ್ನ ಕಿವಿಗೆ ಬಾಗಿ, "ಜಿಂಕೆ," ಎಂದು ಪಿಸುಗುಟ್ಟಿದಳು. ಡಿಯರ್ ಕಂಡಾಗ ಹೀಗೆ ಮೆಲ್ಲಗೆ ಹೇಳಬೇಕೆಂದು ನಿಮ್ಮಪ್ಪ ಕಲಿಸಿದರು ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಆ ಪದ ನನಗೆ ಗೊತ್ತಿರಲಿಲ್ಲ.

ಅವರು ಹೋದ ಮೇಲೆ, ಮನೆಯಲ್ಲಿ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒಂದು ಕನ್ನಡ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡೆ. ಆಮೇಲೆ ಗ್ಯಾರೇಜಿಗೆ ಹೋಗಿ, ಬೂಟು ಬಿಚ್ಚುತ್ತಿದ್ದ ಅಪ್ಪನ ಮುಂದೆ ನಿಂತೆ. ಅವರ ಜಾಕೆಟ್ಟಿನಿಂದ ಕಟ್ಟಿಗೆ ಹೊಗೆಯ ವಾಸನೆ ಬರುತ್ತಿತ್ತು.

"ಅಪ್ಪಾ, ಮುಂದಿನ ಸಲ ನಾನೂ ಜಿಂಕೆ ನೋಡಾಕ ಬರ್ತೀನಿ."

ಅಪ್ಪ ತಲೆಯೆತ್ತಲಿಲ್ಲ. ಲೇಸಿನ ಗಂಟು ಸಡಿಲಿಸುತ್ತಲೇ, "ಇಟ್ಸ್ ಟೂ ಕೋಲ್ಡ್ ಅಪ್ ದೇರ್, ಸ್ವೀಟಿ," ಎಂದರು.