ಸೀರೆ ಗಾರ್ಡ್

ಶೋರೂಮಿನಲ್ಲಿ ಮೂರನೆಯ ಬೈಕಿನ ಹಿಂದಿನ ಸೀಟಿನ ಮೇಲೂ ಅವನು ಹೆಂಡತಿಯನ್ನು ಕೂರಿಸಿ ನೋಡಿದ.

"ಹೆಂಗಿದೆ? ನಿಜ ಹೇಳು. ಆಫೀಸಿಗೆ ಓಡಾಡೋಕೆ ಯಾವುದಾದ್ರೂ ನಡೆಯುತ್ತೆ. ವೀಕೆಂಡಲ್ಲಿ ಸಕಲೇಶಪುರ, ಚಿಕ್ಕಮಗಳೂರು ಅಂತ ಹೊರಟಾಗ ಹಿಂದೆ ಕೂತೋರಿಗೆ ಸೊಂಟ ನೋಯಬಾರ್ದು."

ಮದುವೆಯಾದಾಗಿನಿಂದ ಅವಳ ನೋವಿನ ಬಗ್ಗೆ ಅವನು ಕೇಳಿದ್ದು ಇದೇ ಮೊದಲು. ಸೇಲ್ಸ್‌ಮನ್ ಎದುರಿಗೆ ಅವಳಿಗೆ ನಾಚಿಕೆಯೇ ಆಯಿತು.

"ಇದೇ ಇರ್ಲಿ ರೀ. ಸೀಟು ಅಗಲವಾಗಿದೆ, ಮೆತ್ತಗಿದೆ. ಸೀರೆ ಗಾರ್ಡ್ ಮಾತ್ರ ದೊಡ್ಡದು ಹಾಕ್ಸಿ."

ಹಳೆಯ ಬೈಕಿನ ಚಕ್ರ ಸೆರಗನ್ನು ಎಳೆದುಕೊಂಡು ಅವಳನ್ನು ರಸ್ತೆಗೆ ಕೆಡವಿದ ಗುರುತು ಮೊಣಕೈ ಮೇಲೆ ಇನ್ನೂ ಇತ್ತು.

"ಆಯ್ತು, ಹಾಕ್ಸೋಣ. ಬುಕ್ ಮಾಡೋ ಮುಂಚೆ ಎದುರಿನ ಗಣಪತಿಗೊಂದು ಕೈ ಮುಗಿದು ಬಾ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಭ್ರಮದಿಂದ ರಸ್ತೆ ದಾಟಿದಳು.

ಸೇಲ್ಸ್‌ಮನ್ ಪೆನ್ನು ತೆಗೆದ. "ಮೇಡಂ ಹೇಳಿದ ಹಾಗೆ ದೊಡ್ಡ ಗಾರ್ಡೇ ಬರ್ಕೊಳ್ಳಾ ಸರ್?"

"ಬೇಡ. ಅದರಲ್ಲಿ ಇರೋದನ್ನೂ ಬಿಚ್ಚಿಸಿಬಿಡಿ," ಎಂದ ಅವನು. "ವೀಕೆಂಡಿಗೆ ಬರೋಳು ಸೀರೆ ಉಡಲ್ಲ."